ಬಿಸಿಲು ಕಾಯುವ ಸೆಲ್ಲುಗಳು

ಮೃಗಶಿರಾ ಮಳೆ ಕಾಲಿಟ್ಟ ದಿನವೇ ಕರೆಂಟು ಕಾಲ್ಕಿತ್ತಿದೆ. ಎಲ್ಲೋ ಒಂದು ಅಕೇಶಿಯಾ ಮರ ತಂತಿಯ ಮೇಲೆ ಒರಗಿರಬೇಕು. ಇದಕ್ಕೆಲ್ಲ ಮಲೆನಾಡಿನಲ್ಲಿ ಯಾರೂ ಸಿಟ್ಟು ಮಾಡಿಕೊಳ್ಳುವುದಿಲ್ಲ, ವರ್ಷಾವರ್ಷ ಇದ್ದದ್ದೇ. ಸಿಟ್ಟು ಬರುವುದು ಮನೆಯೊಳಗೆ, "ಟಾರ್ಚ್ ಎಲ್ಲಿ?" ಎಂಬ ಪ್ರಶ್ನೆಗೆ ನಾಲ್ಕು ಮೂಲೆಯಿಂದ ನಾಲ್ಕು ಉತ್ತರ ಬಂದಾಗ. "ಫ್ರಿಜ್ಜಿನ ಮೇಲೆ." "ಅಲ್ಲಲ್ಲ, ದೇವರ ಗೂಡಿನ ಪಕ್ಕ." "ನಿನ್ನೆ ಯಾರೋ ಕೊಟ್ಟಿಗೆಗೆ ಒಯ್ದಿದ್ರಲ್ಲ?" "ನೀವೇ ಜೋಪಾನವಾಗಿ ಎತ್ತಿಡು ಅಂದಿದ್ರಿ, ಎತ್ತಿಟ್ಟಿದೀನಿ." ಎಲ್ಲಿ ಎಂಬುದು ಎತ್ತಿಟ್ಟವರಿಗೂ ಗೊತ್ತಿಲ್ಲ. ಕೊನೆಗೆ ಶೇಕಡಾ 18 ಚಾರ್ಜ್ ಉಳಿದ ಮೊಬೈಲಿನ ಬೆಳಕಿನಲ್ಲಿ ಟಾರ್ಚ್ ಹುಡುಕಾಟ. ಸಿಗುವ ಹೊತ್ತಿಗೆ ಶೇಕಡಾ 11.

ಸಿಕ್ಕಿತು, ಅಕ್ಕಿ ಡಬ್ಬದ ಹಿಂದೆ. ಗುಂಡಿ ಒತ್ತಿದರೆ ಬೆಳಕಿಲ್ಲ. ಅಂಗೈಗೆ ಎರಡು ಸಲ ಬಡಿದರೆ ಕೆಂಪಗೆ ಒಂದು ಮಿಣುಕು, ಮತ್ತೆ ಕತ್ತಲು. ಹಿಂದಿನ ಮುಚ್ಚಳ ತಿರುಗುತ್ತಲೇ ಇಲ್ಲ. ಒಳಗೆ ಸೆಲ್ಲು ಸೋರಿ, ಸ್ಪ್ರಿಂಗಿನ ಸುತ್ತ ಹಿಟ್ಟು ಕಟ್ಟಿ, ಮುಚ್ಚಳವನ್ನೇ ಕಚ್ಚಿ ಹಿಡಿದಿದೆ.

ಇದು ಒಬ್ಬರ ಕೈವಾಡ. ನಮ್ಮ ಕಡೆ ಪ್ರತಿ ಮನೆಯಲ್ಲೂ ಒಬ್ಬ ದೊಡ್ಡಪ್ಪ ಇರುತ್ತಾರೆ. ಕೆಲವು ಮನೆಯಲ್ಲಿ ಅವರು ಅಪ್ಪ, ಕೆಲವು ಮನೆಯಲ್ಲಿ ಮಾವ, ಸೆಲ್ಲಿನ ವಿಷಯಕ್ಕೆ ಬಂದರೆ ಎಲ್ಲರೂ ದೊಡ್ಡಪ್ಪನೇ. ಹೊಸ ಸೆಲ್ಲು ತರುತ್ತೇನೆ ಎಂದು ಚಪ್ಪಲಿ ಮೆಟ್ಟುವಷ್ಟರಲ್ಲಿ ಜಗಲಿಯಿಂದ ದನಿ ಬರುತ್ತದೆ: "ಎಂತಕ್ಕೆ ಹೊಸದು? ಅದ್ರಲ್ಲಿ ಇನ್ನೂ ಜೀವ ಇದೆ ಮಾರಾಯ." ದೊಡ್ಡಪ್ಪನ ಲೆಕ್ಕದಲ್ಲಿ ಸೆಲ್ಲಿಗೆ ಸಾವೇ ಇಲ್ಲ, ಇರುವುದು ವಿಶ್ರಾಂತಿ ಮಾತ್ರ. ಬೇಸಿಗೆಯಲ್ಲಿ ಅಂಗಳದ ಹಪ್ಪಳದ ಚಾಪೆಯ ತುದಿಯಲ್ಲಿ ಮೂರು ದೊಡ್ಡ ಸೆಲ್ಲುಗಳು ಸಾಲಾಗಿ ಬಿಸಿಲು ಕಾಯುತ್ತ ಮಲಗಿರುತ್ತವೆ. ಹಪ್ಪಳಕ್ಕೆ ಕಾಗೆ ಬಂದರೆ ಓಡಿಸುವುದು ದೊಡ್ಡಮ್ಮ. ಸೆಲ್ಲನ್ನು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು ದೊಡ್ಡಪ್ಪ. ಒಂದೇ ಮೈಗೆ ಬಿಸಿಲು ಬಿದ್ದರೆ ಚಾರ್ಜು ಒಂದೇ ಕಡೆ ತುಂಬುತ್ತದಂತೆ! ಸಂಜೆ ಟಾರ್ಚಿಗೆ ಹಾಕಿ ಗೋಡೆಗೆ ಬೆಳಕು ಬಿಟ್ಟು, "ನೋಡಿದ್ಯಾ?" ಎಂದು ಇಡೀ ಮನೆಯನ್ನು ಕರೆದು ತೋರಿಸುತ್ತಾರೆ. ಬೆಳಕು ಬರುತ್ತದೆ, ಸುಳ್ಳಲ್ಲ. ಐದು ನಿಮಿಷ. ಮಳೆಗಾಲದಲ್ಲಿ ಬಿಸಿಲಿಲ್ಲದಾಗ ಸೆಲ್ಲುಗಳು ಬಚ್ಚಲ ಒಲೆಯ ದಂಡೆಗೆ ಹೋಗುತ್ತವೆ. ಅಲ್ಲಿಗೆ ಬಂದರೆ ಮಾತ್ರ ದಯವಿಟ್ಟು ಎತ್ತಿಬಿಡಿ. ಬೆಂಕಿಯ ಪಕ್ಕ ಸೆಲ್ಲು ಒಡೆಯುತ್ತದೆ.

ಬಿಸಿಲಿಗೆ ಸೆಲ್ಲು ಚಾರ್ಜ್ ಆಗುವುದಿಲ್ಲ. ಬಿಸಿಯಾದಾಗ ಒಳಗಿನ ರಾಸಾಯನಿಕ ಕ್ರಿಯೆ ತುಸು ಚುರುಕಾಗುತ್ತದೆ, ಒಳಗಿನ ತಡೆ ಕಡಿಮೆಯಾಗುತ್ತದೆ, ತಳದಲ್ಲಿ ಉಳಿದಿದ್ದ ಚೂರುಪಾರು ಶಕ್ತಿ ಹೊರಗೆ ಬರುತ್ತದೆ. ಅಷ್ಟೇ. ಮಾಮೂಲಿ ಕಾರ್ಬನ್ ಸೆಲ್ಲಿನ ಸತುವಿನ ಹೊರಕವಚವೇ ಅದರ ಋಣಧ್ರುವ. ಉಪಯೋಗಿಸಿದಷ್ಟೂ ಅದು ಕರಗಿ ತೆಳುವಾಗಿ, ಕೊನೆಗೆ ತೂತು ಬಿದ್ದು ಒಳಗಿನ ಅಂಟು ಸೋರುತ್ತದೆ. ಇನ್ನು ದೊಡ್ಡಪ್ಪನ ಎರಡನೇ ಉಳಿತಾಯ ಯೋಜನೆ: ಮೂರು ಸೆಲ್ಲಿನ ಟಾರ್ಚಿಗೆ ಎರಡು ಹೊಸದು, ಒಂದು ಹಳೆಯದು. ಹೊಸ ಎರಡೂ ಸೇರಿ ಖಾಲಿಯಾದ ಮೂರನೆಯದರ ಮೂಲಕ ಬಲವಂತವಾಗಿ ಕರೆಂಟು ತಳ್ಳುತ್ತವೆ, ಅದರ ಧ್ರುವವೇ ತಿರುವು ಮುರುವಾಗಿ ಒಳಗೆ ಗ್ಯಾಸು ಕಟ್ಟಿ ಸೋರಲು ಶುರು. ಹಳೆಯದು ಹೋಗುವುದಲ್ಲದೆ ಹೊಸ ಎರಡನ್ನೂ ಟಾರ್ಚನ್ನೂ ಜೊತೆಗೆ ಕರೆದುಕೊಂಡು ಹೋಗುತ್ತದೆ. ಹಾಗಾಗಿ ಬದಲಿಸಿದರೆ ಮೂರನ್ನೂ ಒಟ್ಟಿಗೆ, ಒಂದೇ ಕಂಪನಿಯದು; ಮೈಮೇಲೆ ಮಾರ್ಕರಿನಿಂದ ತಿಂಗಳು, ವರ್ಷ. ತಿಂಗಳುಗಟ್ಟಲೆ ಬಳಸದ ಟಾರ್ಚಿನಿಂದ ಸೆಲ್ಲು ತೆಗೆದು, ರಬ್ಬರ್ ಬ್ಯಾಂಡ್ ಹಾಕಿ ಅದರ ಕುತ್ತಿಗೆಗೇ ಕಟ್ಟಿಡಬೇಕು. ಸೋರಿದ ಟಾರ್ಚನ್ನೂ ಬಿಸಾಡಬೇಕಿಲ್ಲ. ಅಲ್ಕಲೈನ್ ಸೆಲ್ಲಿನ ಬಿಳಿ ಹಿಟ್ಟು ಕ್ಷಾರ, ಅದಕ್ಕೆ ಹತ್ತಿಯಲ್ಲಿ ನಿಂಬೆ ರಸ. ಕಾರ್ಬನ್ ಸೆಲ್ಲಿನದು ಆಮ್ಲ, ಅದಕ್ಕೆ ಅಡುಗೆ ಸೋಡಾ ಕದಡಿದ ನೀರು. ಒರೆಸಿ ಒಣಗಿಸಿ, ಸ್ಪ್ರಿಂಗನ್ನು ಉಪ್ಪುಕಾಗದದಿಂದ ತಿಕ್ಕಿದರೆ ಮುಗಿಯಿತು.

ಒಂದು ವಿಷಯದಲ್ಲಿ ದೊಡ್ಡಪ್ಪನನ್ನು ಒಪ್ಪಲೇಬೇಕು. ಟಾರ್ಚಿಗೆ ಆಗದ ಪೆನ್ಸಿಲ್ ಸೆಲ್ಲನ್ನು ಅವರು ಗೋಡೆ ಗಡಿಯಾರಕ್ಕೆ ಹಾಕುತ್ತಾರೆ, ಅದು ತಿಂಗಳುಗಟ್ಟಲೆ ಓಡುತ್ತದೆ. ಗಡಿಯಾರ ಎಳೆಯುವ ಕರೆಂಟು ಅಷ್ಟು ಕಡಿಮೆ. ಆದರೆ ಈ ಒಂದು ಗೆಲುವಿನ ಬಲದಿಂದಲೇ ಅವರು ಉಳಿದೆಲ್ಲ ವಾದಗಳನ್ನೂ ಗೆಲ್ಲುತ್ತಾರೆ ಎಂಬುದೇ ಕಷ್ಟ.

"ಇದೆಲ್ಲ ಯಾಕೆ, ಚಾರ್ಜಬಲ್ ಟಾರ್ಚ್ ಇದೆಯಲ್ಲ" ಎನ್ನುತ್ತಾನೆ ಬೆಂಗಳೂರಿನಿಂದ ಅದನ್ನು ತಂದುಕೊಟ್ಟ ಮಗ. ಇದೆ. ಕಳೆದ ದೀಪಾವಳಿಗೆ ಚಾರ್ಜ್ ಮಾಡಿದ್ದು. ಸುಮ್ಮನಿಟ್ಟರೂ ಅದರ ಬ್ಯಾಟರಿ ಇಳಿಯುತ್ತದೆ, ಪೂರ್ತಿ ಇಳಿದು ತಿಂಗಳುಗಟ್ಟಲೆ ಬಿದ್ದರೆ ಮತ್ತೆ ಏಳುವುದೇ ಇಲ್ಲ. ಎರಡು ತಿಂಗಳಿಗೊಮ್ಮೆ ಚಾರ್ಜಿಗೆ ಹಾಕಬೇಕು. ಕರೆಂಟು ಹೋದ ಮೇಲೆ ನೆನಪಾಗಿ "ಕರೆಂಟು ಬಂದ ಕೂಡಲೇ ಹಾಕೋಣ" ಎನ್ನುತ್ತೇವೆ, ಕರೆಂಟು ಬಂದ ಕೂಡಲೇ ಟೀವಿ ಹಾಕುತ್ತೇವೆ.

ಇನ್ವರ್ಟರ್ ಇರುವ ಮನೆಗಳ ದರ್ಬಾರೇ ಬೇರೆ. ಬ್ಯಾಟರಿಯನ್ನು ಯಾರಾದರೂ ಮುಟ್ಟಿ ನೋಡುವುದು ವರ್ಷಕ್ಕೊಮ್ಮೆ, ಆಯುಧ ಪೂಜೆಯ ದಿನ. ಅವತ್ತು ಅದಕ್ಕೆ ಕುಂಕುಮ, ಸೇವಂತಿಗೆ ಹಾರ, ಮೇಲಿಂದ ಕರ್ಪೂರದ ಆರತಿ. ಚಾರ್ಜ್ ಆಗುವಾಗ ಲೆಡ್ ಆಸಿಡ್ ಬ್ಯಾಟರಿ ಜಲಜನಕ ಬಿಡುತ್ತದೆ, ಮುಚ್ಚಿದ ಕೋಣೆಯಲ್ಲಿ ಅದಕ್ಕೆ ಕಿಡಿ ತಗುಲಿದರೆ ಸ್ಫೋಟ. ಭಕ್ತಿಯಿದ್ದವರು ಹೂವಿಟ್ಟು ಕೈ ಮುಗಿದು, ಆರತಿಯನ್ನು ಬೈಕಿಗೆ ಎತ್ತಲಿ. ಬ್ಯಾಟರಿಗೆ ಬೇಕಾಗಿರುವುದು ಡಿಸ್ಟಿಲ್ಡ್ ವಾಟರ್. ಮೂರು ತಿಂಗಳಿಗೊಮ್ಮೆ ನೀರಿನ ಮಟ್ಟ ತೋರಿಸುವ ಫ್ಲೋಟ್ ನೋಡಿ, ಕೆಳಗಿಳಿದಿದ್ದರೆ ಮೇಲಿನ ಗೆರೆಯವರೆಗೆ ಮಾತ್ರ. ಬಾವಿ ನೀರು, ಫಿಲ್ಟರ್ ನೀರು, "ಮಳೆ ನೀರೇ ಡಿಸ್ಟಿಲ್ಡ್ ಅಲ್ವಾ" ಎಂದು ಹಂಚಿನ ದೋಣಿಯಿಂದ ಹಿಡಿದ ನೀರು ಯಾವುದೂ ಬೇಡ. ಆಸಿಡ್ಡೂ ಬೇಡ, ಆರುವುದು ನೀರು ಮಾತ್ರ. ಟರ್ಮಿನಲ್ಲಿಗೆ ಹಿಡಿದ ಬಿಳಿ ಹಸಿರು ಬೂಷ್ಟನ್ನು ಅಡುಗೆ ಸೋಡಾ ನೀರಿನಿಂದ ತೊಳೆದು, ಒಣಗಿದ ಮೇಲೆ ತೆಳ್ಳಗೆ ವ್ಯಾಸಲಿನ್ ಸವರಿದರೆ ಸಾಕು.

ಎಷ್ಟು ಹೊತ್ತು ಬರುತ್ತದೆ ಎಂಬುದಕ್ಕೆ ಲೆಕ್ಕವಿದೆ. 12 ವೋಲ್ಟ್, 150 ಎಎಚ್ (ಆಂಪಿಯರ್ ಅವರ್) ಬ್ಯಾಟರಿ ಎಂದರೆ ಕಾಗದದ ಮೇಲೆ 1800 ವ್ಯಾಟ್ ಅವರ್. ನಷ್ಟ ಕಳೆದು, ಬ್ಯಾಟರಿಯನ್ನು ತೀರಾ ಹಿಂಡದೆ ಹೋದರೆ ಕೈಗೆ ಬರುವುದು ಸುಮಾರು 1100. 9 ವ್ಯಾಟಿನ ನಾಲ್ಕು ಎಲ್‌ಇಡಿ ಬಲ್ಬು 36 ವ್ಯಾಟ್, ಅಂದರೆ 30 ಗಂಟೆ. ಒಂದು ಹಳೇ ಫ್ಯಾನ್ ಸೇರಿಸಿ, 75 ವ್ಯಾಟ್ ಅದೊಂದೇ ತಿಂದು 10 ಗಂಟೆಗೆ ಇಳಿಸುತ್ತದೆ. ಆರಿದ್ರಾ ಮಳೆಯಲ್ಲಿ ಎರಡು ಕಂಬಳಿ ಹೊದ್ದು ಫ್ಯಾನ್ ಹಾಕಿಕೊಳ್ಳುವವರಿದ್ದಾರೆ, ಸೊಳ್ಳೆಗಂತೆ. ಅವರಿಗೆ ಸೊಳ್ಳೆ ಪರದೆ ಕೊಡಿಸಿ. ಕರೆಂಟು ದಿನಕ್ಕೆ ಎರಡೇ ತಾಸು ಬಂದು ಹೋಗುವ ವಾರಗಳಲ್ಲಿ ಬ್ಯಾಟರಿ ತುಂಬುವುದೇ ಇಲ್ಲ. ಅರೆಹೊಟ್ಟೆಯಲ್ಲೇ ಇದ್ದರೆ ಪ್ಲೇಟಿನ ಮೇಲೆ ಸಲ್ಫೇಟು ಗಟ್ಟಿಯಾಗಿ ಆಯಸ್ಸು ಇಳಿಯುತ್ತದೆ. ಆಗ ಎರಡು ಬಲ್ಬಿನಲ್ಲಿ ಸಂಸಾರ ಮಾಡುವುದೇ ಲಾಭ.

ಫ್ರಿಜ್ಜಿನ ಬಗ್ಗೆ ಒಂದೇ ಮಾತು. ಬಾಗಿಲು ಮುಚ್ಚಿಟ್ಟರೆ ಸುಮಾರು 4 ಗಂಟೆ ತಂಪು ಹಿಡಿದಿಡುತ್ತದೆ. ತಂಪು ಇದೆಯೋ ಇಲ್ಲವೋ ಎಂದು ಹದಿನೈದು ನಿಮಿಷಕ್ಕೊಮ್ಮೆ ತೆಗೆದು ನೋಡಿದರೆ ಇರುವುದಿಲ್ಲ. ಬಳಸಲು ಶುರು ಮಾಡಿದ ಇನ್ಸುಲಿನ್ ಸಾಮಾನ್ಯವಾಗಿ 30 ಡಿಗ್ರಿಯ ಒಳಗೆ ನಾಲ್ಕು ವಾರ ತಡೆಯುತ್ತದೆ, ಪೊಟ್ಟಣದ ಮೇಲೆ ಬರೆದಿರುತ್ತದೆ. ಮಳೆಗಾಲದ ಮಲೆನಾಡಿಗೆ ಅದು ಸಾಕು. ಭಯಪಟ್ಟು ಐಸಿನ ಮೇಲೆ ಮಾತ್ರ ಇಡಬೇಡಿ, ಹೆಪ್ಪುಗಟ್ಟಿದ್ದು ಕೆಲಸಕ್ಕೆ ಬಾರದು.

ಕರೆಂಟಿಲ್ಲದಿದ್ದರೆ ಪಂಪಿಲ್ಲ, ಪಂಪಿಲ್ಲದಿದ್ದರೆ ನೀರಿಲ್ಲ. ಅಂಗಳದಲ್ಲಿ ಬಾವಿ ಬಾಯಿತನಕ ತುಂಬಿದೆ, ಹೊರಗೆ ಧೋ ಎಂದು ಸುರಿಯುತ್ತಿದೆ, ಮನೆಯವರು ನೀರಿಲ್ಲ ಎಂದು ಕೂತಿದ್ದಾರೆ. ಯಾಕೆಂದರೆ ಪಂಪು ಕೂರಿಸಿದ ವರ್ಷ ರಾಟೆಯನ್ನು ಗುಜರಿಗೆ ಕೊಟ್ಟಾಗಿದೆ, ಹಗ್ಗ ಕರುವಿನ ಕೊರಳಲ್ಲಿದೆ, ಕೊಡಪಾನದಲ್ಲಿ ಮನಿಪ್ಲಾಂಟ್ ಬೆಳೆದಿದೆ. ಒಂದು ರಾಟೆ, ಬೇಸಿಗೆಯ ನೀರಿನ ಮಟ್ಟಕ್ಕಿಂತ ಒಂದು ಮಾರು ಉದ್ದದ ಹಗ್ಗ, ಬಾವಿಗೆ ಬಿದ್ದ ಕೊಡ ಎತ್ತಲು ಪಾತಾಳಗರಡಿ: ಇಷ್ಟು ಮನೆಯಲ್ಲಿರಲಿ. ಕುಡಿಯಲು, ಅಡುಗೆಗೆ ಒಬ್ಬರಿಗೆ ದಿನಕ್ಕೆ 4 ಲೀಟರ್ ಹಿಡಿದರೆ ಐದು ಜನರ ಮನೆಗೆ ಮೂರು ದಿನಕ್ಕೆ 60 ಲೀಟರ್. 20 ಲೀಟರಿನ ಮೂರು ಕ್ಯಾನು.

ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕುವುದರಲ್ಲೂ ಎರಡು ಪಂಗಡ. ಒಂದು ಪಂಗಡ ಕಂಡಷ್ಟು ಸುರಿದು ವಾರವಿಡೀ ಈಜುಕೊಳದ ವಾಸನೆಯ ಕಾಫಿ ಕುಡಿಯುತ್ತದೆ; ಇನ್ನೊಂದು ಪಂಗಡ ಮೂರು ವರ್ಷದಿಂದ ಬಾಯಿ ಬಿಚ್ಚಿಕೊಂಡು ಮೂಲೆಯಲ್ಲಿದ್ದ, ಸುಣ್ಣದ ಪುಡಿಯಷ್ಟೇ ಆಗಿಹೋದ ಪೊಟ್ಟಣವನ್ನು ಶ್ರದ್ಧೆಯಿಂದ ಹಾಕುತ್ತದೆ. ಒಳ್ಳೆಯ ಪೌಡರ್ ಆದರೆ 1000 ಲೀಟರಿಗೆ 2.5 ಗ್ರಾಂ. ಬಾವಿಯ ಅಗಲವನ್ನು ಮೀಟರಿನಲ್ಲಿ ಅಳೆದು, ಅಗಲದಿಂದಲೇ ಗುಣಿಸಿ, ಅದನ್ನು ನೀರಿನ ಆಳದಿಂದ ಗುಣಿಸಿ, ಮತ್ತೆ 785ರಿಂದ ಗುಣಿಸಿದರೆ ಲೀಟರು. 2 ಮೀಟರ್ ಅಗಲ, 4 ಮೀಟರ್ ನೀರಿದ್ದರೆ 12,560 ಲೀಟರ್, ಪೌಡರ್ ಸುಮಾರು 31 ಗ್ರಾಂ. ಮೊದಲು ಸ್ವಲ್ಪ ನೀರಿನಲ್ಲಿ ಗಂಜಿಯಾಗಿ ಕಲಸಿ, ಬಕೆಟ್ಟಿನ ಮುಕ್ಕಾಲು ನೀರು ಹಾಕಿ ಹತ್ತು ನಿಮಿಷ ಬಿಟ್ಟು, ಮೇಲಿನ ತಿಳಿಯನ್ನು ಮಾತ್ರ ಬಾವಿಗೆ ಇಳಿಸಿ ಕಲಕಬೇಕು. ತಳದ ಸುಣ್ಣ ಹೋದರೆ ನೀರು ಗಡಸು. ಕನಿಷ್ಠ ಒಂದು ಗಂಟೆ ಮುಟ್ಟಬಾರದು, ರಾತ್ರಿ ಹಾಕಿ ಬೆಳಿಗ್ಗೆ ಸೇದುವುದು ವಾಸಿ. ನೀರು ಕೆಂಪು ಬಗ್ಗಡವಾಗಿದ್ದರೆ ಈ ಲೆಕ್ಕ ಸಾಲದು, ಕ್ಲೋರಿನ್ನನ್ನು ಮಣ್ಣೇ ತಿಂದುಬಿಡುತ್ತದೆ. ತಿಳಿಯಾಗುವ ತನಕ ಸೋಸಿ, ಕೊತಕೊತ ಕುದಿಸಿ ಕುಡಿಯುವುದೇ.

ಕುದಿಸಲು ಗ್ಯಾಸು ಬೇಕು. ಸಿಲಿಂಡರು ಎಷ್ಟಿದೆ ಎಂದು ಅಲ್ಲಾಡಿಸಿ ನೋಡುವ ಬದಲು ಒದ್ದೆ ಬಟ್ಟೆಯಿಂದ ಒರೆಸಿ. ಒಳಗೆ ದ್ರವ ಇರುವಷ್ಟು ಭಾಗದ ತೇವ ಆರುವುದು ತಡ, ಗೆರೆ ಎದ್ದು ಕಾಣುತ್ತದೆ. ಬೆಂಕಿಪೊಟ್ಟಣಗಳು ಹುರಿದ ಅಕ್ಕಿಕಾಳು ಹಾಕಿದ ಗಾಜಿನ ಬಾಟಲಿಯಲ್ಲಿರಲಿ, ಇಲ್ಲದಿದ್ದರೆ ಜುಲೈನಲ್ಲಿ ಒಂದು ದೀಪಕ್ಕೆ ಹನ್ನೆರಡು ಕಡ್ಡಿ.

ಇಷ್ಟೆಲ್ಲ ಹೇಳಿಕೊಡಬೇಕಾಗಿ ಬಂದಿದೆಯಲ್ಲ ಎಂದೇ ಒಮ್ಮೊಮ್ಮೆ ಪಿಚ್ಚೆನಿಸುತ್ತದೆ. ಮೇ ತಿಂಗಳು ಮುಗಿಯುವುದರೊಳಗೆ ಅಜ್ಜಿಯರ ಅಟ್ಟದಲ್ಲಿ ಹಲಸಿನ ಹಪ್ಪಳದ ಕಟ್ಟು, ಉಪ್ಪುಸೊಳೆಯ ಭರಣಿ, ಅಪ್ಪೆಮಿಡಿ, ಹುರುಳಿ. ಜಂತಿಯಿಂದ ಬಾಳೆನಾರಿನಲ್ಲಿ ನೇತುಹಾಕಿದ ಸೌತೆಕಾಯಿಗಳು. ಹಿತ್ತಿಲ ಮಾಡಿನಡಿ ಸೀಳಿ ಒಟ್ಟಿದ ಕಟ್ಟಿಗೆ. ಹಳ್ಳ ಉಕ್ಕಿ ಸಂಕ ಕೊಚ್ಚಿ ಹೋದರೆ ಹದಿನೈದು ದಿನ ಪೇಟೆ ಮುಖ ಕಾಣುತ್ತಿರಲಿಲ್ಲ, ಊಟಕ್ಕೆ ಕೂತವರಿಗೆ ಅದು ಗೊತ್ತೂ ಆಗುತ್ತಿರಲಿಲ್ಲ. 2019ರ ಆಗಸ್ಟಿನಲ್ಲಿ ಚಾರ್ಮಾಡಿ ಘಾಟಿ ಕುಸಿದು ರಸ್ತೆ ಬಂದಾದಂಥ ಮಳೆ ಈಗಲೂ ಬರುತ್ತದೆ. ನಾವು ಮಾತ್ರ ಹಾಲಿನ ಪ್ಯಾಕೆಟ್ಟು ಒಂದು ದಿನ ತಪ್ಪಿದರೆ ಸಂಕಟಕ್ಕೆ ಬೀಳುವ ಹಂತಕ್ಕೆ ಬಂದಿದ್ದೇವೆ.

ಮೊಬೈಲಿನ ಪುರಾಣ ಬೇಗ ಮುಗಿಸುತ್ತೇನೆ. ಟವರಿನ ಬ್ಯಾಟರಿ ಸತ್ತ ಮೇಲೆ ಫೋನು ನೆಟ್‌ವರ್ಕ್ ಹುಡುಕಿ ಹುಡುಕಿಯೇ ತನ್ನ ಚಾರ್ಜು ತಿನ್ನುತ್ತದೆ. ಏರೋಪ್ಲೇನ್ ಮೋಡಿಗೆ ಹಾಕಿ, ಹೊತ್ತು ಗೊತ್ತು ಮಾಡಿಕೊಂಡು ಗುಡ್ಡ ಹತ್ತಿ. ಕರೆ ಹೋಗದ ಕಡೆ ಎಸ್ಸೆಮ್ಮೆಸ್ ಹೋಗಬಹುದು. 10,000 ಎಂಎಎಚ್ ಪವರ್ ಬ್ಯಾಂಕ್ 5,000ದ ಫೋನನ್ನು ಎರಡು ಸಲ ತುಂಬುವುದಿಲ್ಲ, ನಷ್ಟ ಕಳೆದು ಒಂದು ಕಾಲು ಸಲ. ಅದರಲ್ಲಿ ಅರ್ಧವನ್ನು "ಎಲ್ಲರೂ ಜಾಗ್ರತೆಯಾಗಿರಿ" ಎಂಬ ವಿಡಿಯೋ ನೋಡಿಯೇ ಖರ್ಚು ಮಾಡುತ್ತೇವೆ. ಆಧಾರ್, ಪಹಣಿ, ಪಾಸ್‌ಬುಕ್ಕಿನ ಜೆರಾಕ್ಸು ಒಂದು ಜಿಪ್ ಕವರಿನಲ್ಲಿರಲಿ. ಡಿಜಿಲಾಕರ್ ತೆರೆಯಲು ಗುಡ್ಡ ಹತ್ತಬೇಕಾದೀತು.

ಎಲ್ಲ ಜೋಡಿಸಿದ ಮೇಲೆ ಒಂದು ಒಣ ಭಾನುವಾರ ಸಂಜೆ ನೀವೇ ಮೇನ್ ಸ್ವಿಚ್ ಇಳಿಸಿ, ಎರಡು ಗಂಟೆ ಹಾಗೇ ಇದ್ದು ನೋಡಿ. ಏನಿಲ್ಲ, ಏನು ಕೆಟ್ಟಿದೆ ಎಂಬುದು ಅರ್ಧ ಗಂಟೆಯಲ್ಲಿ ತಿಳಿಯುತ್ತದೆ. ಧಾರಾವಾಹಿಯ ಹೊತ್ತು ಮಾತ್ರ ಬೇಡ. ದೊಡ್ಡಮ್ಮ ಪಕ್ಕದ ಮನೆಗೆ ಎದ್ದು ಹೋಗುತ್ತಾರೆ, ನಮ್ಮ ಮನೆಯೊಂದೇ ಕತ್ತಲಲ್ಲಿದೆ ಎಂದು ಆ ಮನೆಯವರು ಕನಿಕರಪಟ್ಟು ಕರೆಂಟಿನ ದೂರು ಹೇಳುವ 1912ಕ್ಕೆ ಫೋನ್ ಹಚ್ಚುತ್ತಾರೆ. ಎಂದೂ ಇಲ್ಲದೆ ಅವತ್ತೇ ಲೈನ್‌ಮ್ಯಾನ್ ಹತ್ತು ನಿಮಿಷದಲ್ಲಿ ಬಾಗಿಲಿಗೆ ಬಂದು ನಿಂತಿರುತ್ತಾರೆ.