ಕೌನ್ಸೆಲಿಂಗ್ ಕಲಿಯಲು ಅಮೆರಿಕಕ್ಕೇ ಹೋಗಬೇಕಾ?

ಪರ: ಹೋಗಬೇಕು

ಕೌನ್ಸೆಲಿಂಗ್ ಓದಲು ಅಮೆರಿಕಕ್ಕೆ ಹೋಗುತ್ತೇನೆ ಎಂದಾಗ ನಮ್ಮ ಚಿಕ್ಕಪ್ಪ ಕೇಳಿದ್ದು, "ಸಿಇಟಿ ಕೌನ್ಸೆಲಿಂಗಾ? ಅದರಲ್ಲಿ ಓದೋಕೆ ಏನಮ್ಮ ಇದೆ?" ತಮಾಷೆಗಲ್ಲ, ನಿಜವಾಗಿಯೂ ಕೇಳಿದ್ದು. ನಮ್ಮಲ್ಲಿ ಕೌನ್ಸೆಲಿಂಗ್ ಅಂದರೆ ಒಂದೋ ಸೀಟು ಹಂಚುವುದು, ಇಲ್ಲವೇ ಎದುರಿಗೆ ಕೂರಿಸಿಕೊಂಡು ಬುದ್ಧಿ ಹೇಳುವುದು. ಎರಡನೆಯದರಲ್ಲಿ ನಾನು ಚೆನ್ನಾಗಿ ಪಳಗಿದ್ದೆ. ಹಾಸ್ಟೆಲ್‌ನಲ್ಲಿ ಯಾರು ಅತ್ತರೂ ನನ್ನ ರೂಮಿಗೇ ಬರುತ್ತಿದ್ದರು, ನಾನು ಅರ್ಧ ಗಂಟೆ ಭಾಷಣ ಬಿಗಿದು ಕಳಿಸುತ್ತಿದ್ದೆ.

ಆ ಚಟ ಬಿಟ್ಟಿದ್ದು ಅಲ್ಲಿ ಹೋದ ಮೇಲೆ. ಅಲ್ಲಿನ ಮಾಸ್ಟರ್ಸ್ ಸಾಮಾನ್ಯವಾಗಿ 60 ಕ್ರೆಡಿಟ್‌ನದು. ಕೇಕ್ರೆಪ್ ಎಂಬ ಸಂಸ್ಥೆಯ ಮಾನ್ಯತೆ ಇರುವ ಕೋರ್ಸ್ ಆದರೆ ಮೊದಲು 100 ಗಂಟೆ ಪ್ರಾಕ್ಟಿಕಮ್ ಎಂಬ ಆರಂಭದ ಪ್ರಾಯೋಗಿಕ ತರಬೇತಿ, ಆಮೇಲೆ 600 ಗಂಟೆ ಇಂಟರ್ನ್‌ಶಿಪ್. ಅದರಲ್ಲಿ ಕ್ರಮವಾಗಿ 40 ಮತ್ತು 240 ಗಂಟೆ ಕಷ್ಟ ಹೇಳಿಕೊಳ್ಳಲು ಬಂದವರ ಎದುರು ಕೂರಲೇಬೇಕು. ನೋಟ್ಸ್ ಉರು ಹೊಡೆದು ಪಾಸಾಗುವ ಆಟ ನಡೆಯುವುದಿಲ್ಲ. ಪ್ರತಿ ವಾರ ಒಂದು ಗಂಟೆ ಸೂಪರ್‌ವೈಸರ್ ಜೊತೆ, ಇನ್ನೊಂದೂವರೆ ಗಂಟೆ ಗುಂಪಿನಲ್ಲಿ ಕೂತು ನಾವು ಮಾಡಿದ್ದನ್ನು ಬಿಚ್ಚಿ ನೋಡಬೇಕು.

ಒಬ್ಬ ಹುಡುಗನ ಜೊತೆ ಕೂತು ಮಾತಾಡಿದ ನನ್ನ ಮೊದಲ ರೆಕಾರ್ಡಿಂಗ್ ಅನ್ನು ಸೂಪರ್‌ವೈಸರ್ ನಾಲ್ಕನೇ ನಿಮಿಷಕ್ಕೇ ನಿಲ್ಲಿಸಿದರು. "ಇಲ್ಲಿ ಯಾರು ಜಾಸ್ತಿ ಮಾತಾಡುತ್ತಿದ್ದಾರೆ?" ನಾನೇ. ಆ ಹುಡುಗ "ಅಪ್ಪ ಫೋನ್ ಮಾಡಿಲ್ಲ" ಎಂದಿದ್ದ, ನಾನು ತಕ್ಷಣ "ಹಾಗಾದರೆ ನೀನೇ ಮಾಡು" ಎಂದಿದ್ದೆ! ಮುಂದಿನ ವಾರಕ್ಕೆ ಒಂದೇ ಒಂದು ಹೋಮ್‌ವರ್ಕ್ ಸಿಕ್ಕಿತು: ಅವರು ಮಾತು ನಿಲ್ಲಿಸಿದ ಮೇಲೆ ಮನಸ್ಸಿನಲ್ಲೇ ಐದರವರೆಗೆ ಎಣಿಸು, ಆಮೇಲೆ ಬಾಯಿ ತೆರೆ. ನಾನು ಕನ್ನಡದಲ್ಲೇ ಎಣಿಸುತ್ತಿದ್ದೆ. ಐದಕ್ಕೆ ಬರುವಷ್ಟರಲ್ಲಿ ಎಷ್ಟೋ ಸಲ ಅವರೇ ಅಸಲಿ ಮಾತು ತೆಗೆಯುತ್ತಿದ್ದರು.

ಪರದೇಶದವಳು ಎನ್ನುವುದೂ ಉಪಯೋಗಕ್ಕೆ ಬಂತು. ನನಗೆ ಅಲ್ಲಿನ ಎಷ್ಟೋ ಮಾತು ಅರ್ಥವಾಗುತ್ತಿರಲಿಲ್ಲ, "ಅಂದರೆ?" ಎಂದು ಸಂಕೋಚವಿಲ್ಲದೆ ಕೇಳುತ್ತಿದ್ದೆ. ಅವರು ಬಿಡಿಸಿ ಹೇಳುವಾಗ ತಮಗೇ ಏನೋ ಹೊಳೆಯುತ್ತಿತ್ತು. ಊರಿನವಳೇ ಆಗಿದ್ದರೆ ಗೊತ್ತಾಯಿತು ಎಂಬಂತೆ ಸುಮ್ನೆ ತಲೆಯಾಡಿಸಿ ಮುಂದೆ ಹೋಗುತ್ತಿದ್ದೆನೇನೋ.

ಇನ್ನು ಕಾನೂನಿನ ಮಾತು. ಅಲ್ಲಿ 1976ರಲ್ಲಿ ವರ್ಜೀನಿಯಾ ರಾಜ್ಯ ಕೌನ್ಸೆಲರ್‌ಗಳಿಗೆ ಲೈಸೆನ್ಸ್ ಶುರು ಮಾಡಿತು, 2009ರಲ್ಲಿ ಕ್ಯಾಲಿಫೋರ್ನಿಯಾ ಸೇರಿದ ಮೇಲೆ 50 ರಾಜ್ಯಗಳಲ್ಲೂ ಲೈಸೆನ್ಸ್ ಇದೆ. ನಮ್ಮಲ್ಲಿ 2021ರಲ್ಲಿ ಇಂಥ ವೃತ್ತಿಗಳಿಗೆ ಕಾಯ್ದೆಯೇನೋ ಬಂತು. ಆದರೆ ನಮ್ಮ ಮನೆ ಹತ್ತಿರದ ಒಂದು ಬೋರ್ಡಿನಲ್ಲಿ ಈಗಲೂ ಕೌನ್ಸೆಲಿಂಗ್, ವಾಸ್ತು, ನ್ಯೂಮರಾಲಜಿ ಮೂರೂ ಒಟ್ಟಿಗೇ ಇವೆ. ಎರಡು ದಿನದ ವರ್ಕ್‌ಶಾಪ್ ಮುಗಿಸಿ ಇನ್ನೊಬ್ಬರ ಸಂಕಟಕ್ಕೆ ಕೈ ಹಾಕುವುದು ನನ್ನಿಂದ ಆಗದು. ದುಡ್ಡು ಖರ್ಚಾಯಿತು, ನಿಜ. ಮತ್ತೆ ಅವಕಾಶ ಸಿಕ್ಕರೂ ಹೋಗುತ್ತೇನೆ.

ವಿರೋಧ: ಮೊದಲು ಲೆಕ್ಕ ಹಾಕಿ

ಮೇಲೆ ಬರೆದವಳು ನನ್ನ ಗೆಳತಿ. ಒಂದೇ ಕ್ಲಾಸು, ಒಂದೇ ಹಾಸ್ಟೆಲ್. ಆ ಭಾಷಣಗಳನ್ನು ಜಾಸ್ತಿ ಕೇಳಿದವಳು ನಾನೇ. ಅವಳ ಐದರ ಎಣಿಕೆ ಚೆನ್ನಾಗಿದೆ, ಆದರೆ ಎಣಿಸಬೇಕಾದದ್ದು ಇನ್ನೂ ಇದೆ.

ಓದು ಮುಗಿದ ಕೂಡಲೇ ಲೈಸೆನ್ಸ್ ಸಿಗುವುದಿಲ್ಲ. ಪೂರ್ತಿ ಲೈಸೆನ್ಸ್‌ಗೆ ಹೆಚ್ಚಿನ ರಾಜ್ಯಗಳು ಪದವಿ ಆದ ಮೇಲೆ ಮತ್ತೆ 2,000ದಿಂದ 4,000 ಗಂಟೆ ಸೂಪರ್‌ವೈಸರ್ ಕೆಳಗೆ ಕೆಲಸ ಕೇಳುತ್ತವೆ. 3,000 ಅಂತಲೇ ಇಟ್ಟುಕೊಳ್ಳಿ. ವಿದ್ಯಾರ್ಥಿಗಳ ಎಫ್-1 ವೀಸಾದವರಿಗೆ ಓದಿನ ನಂತರ ಅಲ್ಲೇ ಕೆಲಸ ಮಾಡಲು ಸಿಗುವ ಅನುಮತಿ, ಅಂದರೆ ಒಪಿಟಿ, 12 ತಿಂಗಳು. ಕಂಪ್ಯೂಟರ್ ಸೈನ್ಸ್ ಓದಿದವರಿಗೆ ಇನ್ನೂ 24 ತಿಂಗಳು ಸಿಗುತ್ತದೆ. ಕ್ಲಿನಿಕಲ್ ಮೆಂಟಲ್ ಹೆಲ್ತ್ ಕೌನ್ಸೆಲಿಂಗ್ ಹಾಗೆ ಹೆಚ್ಚು ಕಾಲ ಸಿಗುವ ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ) ಪಟ್ಟಿಯಲ್ಲಿಲ್ಲ. ವಾರಕ್ಕೆ 40 ಗಂಟೆಯಂತೆ ಒಂದು ದಿನವೂ ರಜೆ ಹಾಕದೆ ದುಡಿದರೂ ವರ್ಷಕ್ಕೆ 2,080 ಗಂಟೆ. ಉಳಿದದ್ದು? ಅದರ ಮೇಲೆ, ಕೆಲಸ ಶುರು ಮಾಡಲು ಬೇಕಾದ ಆರಂಭಿಕ ಲೈಸೆನ್ಸಿನ ಕಾಗದ ಬರಲು ಕಾಯುತ್ತಾ ಕೂತಿದ್ದರೆ ಆ ಕಡೆ ಒಪಿಟಿಯ ಇನ್ನೊಂದು ನಿಯಮ ಕಾದಿರುತ್ತದೆ: ಒಟ್ಟು 90 ದಿನಕ್ಕಿಂತ ಜಾಸ್ತಿ ಕೆಲಸವಿಲ್ಲದೆ ಇರುವ ಹಾಗಿಲ್ಲ. ಆಮೇಲೆ ಕೆಲಸದ ವೀಸಾ ಎಚ್-1ಬಿಗೆ ಲಾಟರಿ. ಯಾವುದೋ ಕಂಪನಿ ಕೊಡುವ ಸಂಬಳದಲ್ಲಿ ಸಾಲ ತೀರಿಸುವ ಎಂಜಿನಿಯರ್‌ನ ದಾರಿ ಇದಲ್ಲ. ಇಂಟರ್ನ್‌ಶಿಪ್‌ಗೆ ಎಷ್ಟೋ ಕಡೆ ಬಿಡಿಗಾಸೂ ಕೊಡುವುದಿಲ್ಲ, ಕ್ಯಾಂಪಸ್ಸಿನಲ್ಲಿ ದುಡಿಯಲು ಸೆಮಿಸ್ಟರ್ ನಡೆಯುವಾಗ ವಾರಕ್ಕೆ 20 ಗಂಟೆಯ ಮಿತಿ.

ಸರಿ, ವಾಪಸ್ ಬಂದಿರಿ. ಇಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಅನಿಸಿಕೊಳ್ಳಲು ಭಾರತೀಯ ಪುನರ್ವಸತಿ ಮಂಡಳಿಯ (ಆರ್‌ಸಿಐ) ನೋಂದಣಿ ಬೇಕು. ಅಲ್ಲಿನ ಕೌನ್ಸೆಲಿಂಗ್ ಮಾಸ್ಟರ್ಸ್ ತೋರಿಸಿ ಆ ಹೆಸರು ಹಾಕಿಕೊಳ್ಳುವ ಹಾಗಿಲ್ಲ. ಇದನ್ನು ಕನ್ಸಲ್ಟೆನ್ಸಿಯವರು ಬ್ರೋಷರ್ ಕೊಡುವಾಗ ಹೇಳಿದ್ದನ್ನು ನಾನಂತೂ ಕೇಳಿಲ್ಲ.

ಆದರೆ ನನ್ನ ನಿಜವಾದ ತಕರಾರು ಭಾಷೆಯದು. ನಾನು ಉತ್ತರ ಕರ್ನಾಟಕದ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಕೂರುತ್ತೇನೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಅಂತ 1996ರಲ್ಲಿ ದೇಶದಲ್ಲಿ ಶುರುವಾಯಿತಲ್ಲ, ಅದಕ್ಕೆ ಮಾದರಿ ಅದಕ್ಕೂ ಮುಂಚೆ ನಿಮ್ಹಾನ್ಸ್‌ನವರು ನಮ್ಮ ಬಳ್ಳಾರಿಯಲ್ಲಿ ಮಾಡಿದ ಪ್ರಯೋಗ. ಇಲ್ಲಿ ಯಾರೂ "ನನಗೆ ಖಿನ್ನತೆ" ಎನ್ನುವುದಿಲ್ಲ. "ಮೈಯಾಗ ಕಸುವಿಲ್ರೀ" ಎನ್ನುತ್ತಾರೆ. "ಎದಿ ಡವಡವ ಅಂತೈತಿ" ಎನ್ನುತ್ತಾರೆ. "ಬ್ಯಾಸರ" ಎಂಬ ಒಂದೇ ಮಾತು ಸಣ್ಣ ಬೇಜಾರಿನಿಂದ ಹಿಡಿದು ಸಾಯಬೇಕು ಎನ್ನುವವರೆಗೆ ಎಲ್ಲದಕ್ಕೂ ಓಡಾಡುತ್ತದೆ. ಯಾವ ಬ್ಯಾಸರ ಯಾವುದು ಎಂದು ಗುರುತು ಹಿಡಿಯಲು ನನಗೆ ಎರಡು ವರ್ಷ ಬೇಕಾಯಿತು, ಅದೂ ಕನ್ನಡದವಳಿಗೆ. ಆ ಎರಡು ವರ್ಷವನ್ನು ಇಂಗ್ಲಿಷಿನಲ್ಲಿ ಕಳೆದು ಬಂದವರು ಇಲ್ಲಿ ಮತ್ತೆ ಮೊದಲಿಂದ ಶುರು ಮಾಡಬೇಕು, ಅಲ್ವಾ?

ಅಲ್ಲಿ ಬಾಗಿಲು ಹಾಕಿದ ರೂಮು, ಇಬ್ಬರೇ, ಒಂದು ಟಿಶ್ಯೂ ಡಬ್ಬಿ. ಇಲ್ಲಿ ಸೊಸೆಯ ಜೊತೆ ಅತ್ತೆ, ಅತ್ತೆಯ ಜೊತೆ ನಾದಿನಿ, ಬಾಗಿಲಲ್ಲಿ ಮುಂದಿನ ಪೇಷಂಟ್. ಹೋದ ತಿಂಗಳು ಒಬ್ಬಾಕೆಯನ್ನು "ಏನಾಗ್ತದವ್ವಾ?" ಎಂದು ಕೇಳಿದೆ. ನೀನು ಹೇಳಿದ ಹಾಗೇ ಎಣಿಸಿದೆ ಕಣೇ. ಎರಡಕ್ಕೆ ಬರುವಷ್ಟರಲ್ಲಿ ಅತ್ತೆ ಉತ್ತರ ಕೊಟ್ಟಾಗಿತ್ತು: "ಏನೂ ಇಲ್ಲರೀ, ಇಕಿ ಊಟ ಸರಿ ಮಾಡಂಗಿಲ್ಲ."

ಅಂಥ ಹೊತ್ತಿನಲ್ಲಿ ಏನು ಮಾಡಬೇಕೆಂದು ನನಗೆ ಕಲಿಸಿದ್ದು ನಮ್ಮ ವಾರ್ಡಿನ ನರ್ಸಮ್ಮ. "ಅಮ್ಮಾರೇ, ಈ ಚೀಟಿಗೆ ಸೀಲ್ ಹಾಕಿಸ್ಕೊಂಡು ಬರ್ರಿ" ಎಂದು ಅತ್ತೆಯನ್ನು ಕೌಂಟರಿಗೆ ಕಳಿಸಿದೆ. ಅಲ್ಲಿ ಕ್ಯೂ ಯಾವಾಗಲೂ ಉದ್ದ. ಮತ್ತೆ ಎಣಿಸಿದೆ. ನಾಲ್ಕಕ್ಕೆ ಆಕೆ ಸೆರಗು ಬಾಯಿಗೆ ಒತ್ತಿಕೊಂಡು ಹೇಳಿದಳು, "ಮೂರನೇದೂ ಹೆಣ್ಣಾತ್ರಿ."