ಮೂವತ್ತಾರನೇ ಹಲ್ಲು

ಡಾಕ್ಟರು ನನ್ನ ಬಾಯೊಳಗೆ ಕನ್ನಡಿ ತೂರಿಸಿ, ಪಕ್ಕದಲ್ಲಿ ನಿಂತಿದ್ದ ಹುಡುಗಿಗೆ ಹೇಳಿದರು: "ಮೂವತ್ತಾರು ಇಲ್ಲ, ಮೂವತ್ತೇಳೂ ಇಲ್ಲ. ಬರ್ಕೊ."

ಎದೆ ಧಸಕ್ ಎಂದಿತು. ಮನುಷ್ಯನಿಗೆ ಇರೋದೇ 32 ಹಲ್ಲು. ಹುಟ್ಟದೇ ಇದ್ದ ಹಲ್ಲಿಗೂ ಬಿಲ್ ಹಾಕ್ತಾರೇನೋ ಅಂದ್ಕೊಂಡೆ. ಆಮೇಲೆ ತಿಳಿಯಿತು, ಅದು ಲೆಕ್ಕ ಅಲ್ಲ, ವಿಳಾಸ. 3 ಅಂದರೆ ಕೆಳಗಿನ ಎಡ ಓಣಿ. 6 ಅಂದರೆ ನಡುಮೂಗಿನ ನೇರದಿಂದ ಎಣಿಸಿದರೆ ಆರನೇ ಮನೆ. ಕಲಬುರಗಿಯ ಎಷ್ಟೋ ಬಡಾವಣೆಗಳಲ್ಲಿ ಪೋಸ್ಟ್‌ಮ್ಯಾನ್‌ಗೂ ಇಷ್ಟು ಚಂದದ ವಿಳಾಸ ಸಿಗುವುದಿಲ್ಲ.

ಅಂತೂ ನನ್ನ ಬಾಯಲ್ಲಿ ಎರಡು ಖಾಲಿ ಸೈಟು.

ಅವತ್ತು ಸಂತೆಯಿಂದ ನೇರ ಹೋಗಿದ್ದೆ. ಕಾಲಲ್ಲಿ ಹವಾಯಿ ಚಪ್ಪಲಿ, ಕೈಯಲ್ಲಿ ಪುಂಡಿಪಲ್ಯದ ಚೀಲ. ಡಾಕ್ಟರು ಚೀಲ ನೋಡಿದರು, ಆಮೇಲೆ ಬಾಯಿ ನೋಡಿದರು. "ಹಿಂದಿನ ಹಲ್ಲು ಯಾರು ನೋಡ್ತಾರ್ರೀ? ಬಿಡ್ರಿ. ಇಪ್ಪತ್ತು ಹಲ್ಲು ಇದ್ರ ಸಾಕು."

ಸುಳ್ಳಲ್ಲ. ನೆದರ್ಲೆಂಡ್ಸ್‌ನ ಕೈಸರ್ ಎಂಬ ದಂತವೈದ್ಯರು 1981ರಲ್ಲೇ ಬರೆದಿದ್ದಾರೆ. ದವಡೆ ಹಲ್ಲು ಹೋದರೂ ಮುಂದಿನ ಹತ್ತು ಜೋಡಿ ಒಂದಕ್ಕೊಂದು ಸರಿಯಾಗಿ ಕೂತರೆ ಜಾಸ್ತಿ ಜನರ ಊಟ ನಡೆಯುತ್ತದೆ, ಹೋದದ್ದನ್ನೆಲ್ಲ ಕಟ್ಟಿಸಲೇಬೇಕು ಅಂತಿಲ್ಲ ಎಂದು. ಒಳ್ಳೆ ಮಾತು, ರೊಕ್ಕ ಉಳಿಸುವ ಮಾತು. ಆದರೆ ಅವರ ಕಡೆ ತಿನ್ನೋದು ಬ್ರೆಡ್ಡು. ತಿಂಗಳುಗಟ್ಟಲೆ ಇಟ್ಟರೂ ಕೆಡದ, ಮುರಿದರೆ ಪಕ್ಕದ ಮನೆಗೆ ಕೇಳಿಸುವ ನಮ್ಮ ಖಡಕ್ ರೊಟ್ಟಿಯನ್ನು ಕೈಸರ್ ಸಾಹೇಬರು ಕಂಡಿರಲಿಕ್ಕಿಲ್ಲ. ಡಾಕ್ಟರು ಕಂಡಿದ್ದಾರೆ. ಆದರೂ ಏನು ತಿಂತೀರಿ ಅಂತ ಒಂದು ಮಾತು ಕೇಳಲಿಲ್ಲ.

ಹದಿನೈದು ದಿನ ಬಿಟ್ಟು ಮತ್ತೆ ಹೋದೆ. ಒಂದು ಮದುವೆ ಮುಗಿಸಿಕೊಂಡು, ಇಸ್ತ್ರಿ ಅಂಗಿಯಲ್ಲಿ, ಅಳಿಯನ ಕಾರಲ್ಲಿ. ಅದೇ ಡಾಕ್ಟರು, ಅದೇ ಕುರ್ಚಿ, ಅದೇ ಖಾಲಿ ಸೈಟು. ಅವರಿಗೆ ನನ್ನ ಗುರುತು ಸಿಗಲಿಲ್ಲ. ಅವರು ಗಾಬರಿಯಾದರು.

"ಅಯ್ಯ, ಹಿಂಗ ಬಿಡಬಾರದ್ರೀ! ಮ್ಯಾಲಿನ ಹಲ್ಲು ಕೆಳಗ ಇಳೀತದ."

ಇದೂ ಸುಳ್ಳಲ್ಲ, ಎದುರಿಗೆ ಜೋಡಿ ಇಲ್ಲದ ಹಲ್ಲು ಇಳಿಯುವುದುಂಟು. ಹದಿನೈದು ದಿನದ ಹಿಂದೆ ಅದಕ್ಕೆ ಇಳಿಯಬೇಕು ಅನಿಸಿರಲಿಲ್ಲ, ಅಷ್ಟೇ.

ಅಕ್ಕಪಕ್ಕದ ಹಲ್ಲುಗಳನ್ನೇ ಕಂಬ ಮಾಡಿಕೊಂಡು ನಡುವೆ ಹಲ್ಲು ಕಟ್ಟುವ ಬ್ರಿಡ್ಜ್ ಆಗುತ್ತಾ ಅಂತ ಕೇಳಿದೆ. ಈ ಕಡೆ ಕಂಬ ಇದೆ, ಆ ಕಡೆ ಇಲ್ಲ, ಆಗಲ್ಲ ಎಂದರು. ಅರ್ಧಕ್ಕೆ ನಿಂತ ಸೇತುವೆ ನಮ್ಮ ಜಿಲ್ಲೆಗೇನು ಹೊಸದಲ್ಲ ಬಿಡಿ. ಬೇಕಾದಾಗ ಹಾಕಿ, ಬೇಡವಾದಾಗ ತೆಗೆದಿಡುವ ಹಲ್ಲಿನ ಸೆಟ್ಟಿನ ಹೆಸರೆತ್ತಿದೆ. ಖಾಲಿ ಸೈಟಲ್ಲಿ ತಗಡಿನ ಶೆಡ್ ಹಾಕ್ತೀನಿ ಅಂದವನನ್ನು ಬಿಲ್ಡರ್ ನೋಡುವ ಹಾಗೆ ನೋಡಿದರು. ಉಳಿದದ್ದು ಇಂಪ್ಲಾಂಟ್. ದವಡೆ ಮೂಳೆಗೆ ತೂತು ಕೊರೆದು ಟೈಟಾನಿಯಂ ಸ್ಕ್ರೂ ಇಳಿಸುವುದು, ಮೂಳೆ ಅದನ್ನು ಹಿಡಿದುಕೊಳ್ಳಲಿ ಅಂತ ಕೆಲವು ತಿಂಗಳು ಕಾಯುವುದು, ಮೇಲೆ ಹಲ್ಲು ಕೂರಿಸುವುದು. ಎರಡು ಸೈಟಿಗೆ ಎರಡು ಸ್ಕ್ರೂ. ಹುಡುಗಿ ಆಗಲೇ ಕ್ಯಾಲ್ಕುಲೇಟರ್ ಒತ್ತುತ್ತಿದ್ದಳು. ಕಂತಿನ ಸೌಲಭ್ಯವೂ ಇದೆಯಂತೆ.

ಅಷ್ಟರಲ್ಲಿ ಚಹಾ ಬಂತು. ಡಾಕ್ಟರು ಮಾಸ್ಕ್ ಇಳಿಸಿದರು, ಏನಕ್ಕೋ ಜೋರಾಗಿ ನಕ್ಕರು. ಕೆಳಗಿನ ಬಲ ಓಣಿಯಲ್ಲಿ ದೊಡ್ಡದೊಂದು ಸೈಟು ಖಾಲಿ ಇತ್ತು.

"ಡಾಕ್ಟರೇ, ನಿಮ್ದು ಯಾವಾಗ ಕೂರಿಸ್ತೀರಿ?"

"ನಂದೇನ್ರೀ," ಎಂದು ಬಿಸ್ಕತ್ತು ಚಹಾದಲ್ಲಿ ಅದ್ದಿದರು. "ಇಪ್ಪತ್ತರ ಮ್ಯಾಲ ಅದಾವ."

ಮನೆಯಲ್ಲಿ ಊಟಕ್ಕೆ ಕೂತೆ. ಖಡಕ್ ರೊಟ್ಟಿ ಮುರಿದು ತೊಗರಿ ಬೇಳೆಯಲ್ಲಿ ನೆನೆಯಲು ಬಿಟ್ಟು, ಚೀಟಿ ತೆಗೆದು ಹೆಂಡತಿಗೆ ಕೊಟ್ಟೆ. ಎರಡು ಸಲ ಓದಿದಳು.

"ರೀ, ಈ ರೊಕ್ಕಕ್ಕ ಒಂದು ಎಮ್ಮಿ ಬರ್ತದ. ಅದಕ್ಕ ದವಡಿ ಹಲ್ಲೂ ಎಲ್ಲಾ ಇರ್ತಾವ."