ಹಗ್ಗ ನಿಮ್ದು, ಹಸು ನಮ್ದು

ಮೊದಲೇ ಹೇಳ್ಬಿಡ್ತೀನಿ, ನಾನು ಗೇಮ್ ಕಂಪನಿಗಳ ಪಾರ್ಟಿ. ದುಡ್ಡು ಕೊಟ್ಟು ಕೊಂಡ ಗೇಮೂ ನಮ್ದಾಗಲ್ಲ ಅಂತ ಎಲ್ರೂ ಸೇರ್ಕೊಂಡು ಪಾಪ ಅವ್ರನ್ನ ಬೈತಾ ಇದೀರಲ್ಲ, ಅವ್ರ ಕಷ್ಟ ಏನು ಅಂತ ಯಾರಾದ್ರೂ ಯೋಚನೆ ಮಾಡಿದೀರಾ? ವಸ್ತು ಮಾರಬೇಕು, ಪೂರ್ತಿ ದುಡ್ಡು ಇಸ್ಕೋಬೇಕು, ಆದ್ರೆ ವಸ್ತು ಮಾತ್ರ ಕೈ ಬಿಟ್ಟು ಹೋಗಬಾರ್ದು. ನೀವು ಮಾಡಿ ತೋರ್ಸಿ ನೋಡೋಣ. ಅವ್ರು ಮಾಡಿ ತೋರ್ಸಿದಾರೆ.

ನಿಂಟೆಂಡೋದವ್ರದ್ದೇ ತಗೊಳ್ಳಿ. 2025ರ ಜೂನ್ 5ಕ್ಕೆ ಅವ್ರ ಸ್ವಿಚ್ 2 ಕನ್ಸೋಲ್, ಅಂದ್ರೆ ಗೇಮ್ ಆಡೋ ಮಷೀನ್, ಬಂತು, ಅದರ ಜೊತೆ ಗೇಮ್-ಕೀ ಕಾರ್ಡ್ ಅನ್ನೋ ಒಂದು ಅದ್ಭುತಾನೂ ಬಂತು. ಡಬ್ಬ ನೋಡಿದ್ರೆ ಮಾಮೂಲಿ ಗೇಮ್ ಡಬ್ಬಾನೇ, ಮುಂದೆ ಹೀರೋ ಪೋಸ್ ಕೊಟ್ಕೊಂಡು ನಿಂತಿರ್ತಾನೆ, ಅವನ ಕಾಲ ಕೆಳಗೆ ಒಂದು ಪಟ್ಟಿ, ಅದರಲ್ಲಿ ಕೀ ಕಾರ್ಡ್ ಅಂತ ಬರ್ದಿರತ್ತೆ, ಪೂರ್ತಿ ಗೇಮ್ ಇಂಟರ್ನೆಟ್ಟಿಂದ ಇಳಿಸ್ಕೋಬೇಕು ಅಂತ ಸೂಚನೆ ಇರತ್ತೆ. ಡಬ್ಬ ತೆಗೆದ್ರೆ ಒಳಗೆ ಕಾರ್ಡ್ ಇದೆ. ಕಾರ್ಡಲ್ಲಿ ಗೇಮ್ ಇಲ್ಲ! ಹಾಕಿದ ತಕ್ಷಣ ಡೌನ್‌ಲೋಡ್ ಶುರು, ಅದೂ ನಿಮ್ಮ ಡೇಟಾದಲ್ಲಿ, ನಿಮ್ಮ ಸ್ಟೋರೇಜಿಗೆ, ಸ್ಟೋರೇಜ್ ಸಾಲ್ದೇ ಹೋದ್ರೆ ಹಳೇ ಮೆಮೊರಿ ಕಾರ್ಡ್ ಆಗಲ್ಲ, ಮೈಕ್ರೋ ಎಸ್‌ಡಿ ಎಕ್ಸ್‌ಪ್ರೆಸ್ ಅನ್ನೋ ಹೊಸ ತರದ್ದೇ ತರ್ಬೇಕು. ಸರಿ, ಇಳಿಸ್ಕೊಂಡ್ರಿ. ಈಗ ಗೇಮ್ ಪೂರ್ತಿ ಕನ್ಸೋಲ್ ಒಳಗೇ ಕೂತಿದೆ, ಇನ್ನು ಆ ಕಾರ್ಡ್ ಯಾಕೆ ಅಂತ ಎತ್ತಿಟ್ರೆ ಆಟ ಓಪನ್ ಆಗಲ್ಲ, ಪ್ರತಿ ಸಲ ಕಾರ್ಡ್ ಚುಚ್ಚಬೇಕು. ಅಂದ್ರೆ ಡಿಜಿಟಲ್‌ನಲ್ಲಿ ಇರೋ ತಾಪತ್ರಯ ಎಲ್ಲ ಇದೆ, ಕಾರ್ಡ್ ಬದಲಾಯಿಸೋ ತಾಪತ್ರಯಾನೂ ಇದೆ. ಹಸು ಕೊಂಡ್ಕೊಂಡವನ ಕೈಗೆ ಹಗ್ಗ ಕೊಟ್ಟು, ಹಸು ನಮ್ಮ ಕೊಟ್ಟಿಗೇಲೇ ಇರ್ಲಿ, ಹಾಲು ಬೇಕಾದಾಗ ಹಗ್ಗ ಹಿಡ್ಕೊಂಡು ಬನ್ನಿ ಅಂದಂಗೆ. ಕೊಟ್ಟಿಗೆ ಬಾಗ್ಲು ಹಾಕೋ ದಿನ ಯಾವ್ದು ಅಂತ ಮಾತ್ರ ಕೇಳ್ಬೇಡಿ.

ಒಂದು ನ್ಯಾಯವಾದ ಮಾತು ಹೇಳ್ಬೇಕು ಅಂದ್ರೆ ಈ ಕಾರ್ಡನ್ನ ಬೇರೆಯವ್ರಿಗೆ ಕೊಡಬಹುದು, ಮಾರಬಹುದು, ಯಾವ ಅಕೌಂಟಿಗೂ ಅಂಟ್ಕೊಂಡಿಲ್ಲ. ದೊಡ್ಡ ಗೇಮ್ ಕಾರ್ಡಲ್ಲಿ ಹಿಡಿಯಲ್ಲ, ಏನ್ಮಾಡೋದು ಅಂತಾನೂ ಸಮಜಾಯಿಷಿ ಬಂತು. ಆದ್ರೆ ಸೈಬರ್‌ಪಂಕ್ 2077 ಅಂಥ ಆನೆ ಗಾತ್ರದ ಗೇಮನ್ನ ಅದರ ಕಂಪನಿಯವ್ರು 64 ಜಿಬಿ ಕಾರ್ಡಿಗೆ ಪೂರ್ತಿ ತುಂಬಿ ಅದೇ ಕನ್ಸೋಲ್ ಬಿಡುಗಡೆ ದಿನಾನೇ ಮಾರಿದ್ರು, ಅಲ್ಲಿಗೆ ಆ ಸಮಜಾಯಿಷಿ ಮುಗೀತು. ಮಜಾ ಏನಂದ್ರೆ ಜಪಾನಿನ ನ್ಯಾಷನಲ್ ಡಯಟ್ ಲೈಬ್ರರಿ, ದೇಶದಲ್ಲಿ ಪ್ರಕಟ ಆಗೋದನ್ನೆಲ್ಲ ಸಂಗ್ರಹಿಸಿಡೋ ಸಂಸ್ಥೆ, ಗೇಮ್‌ಗಳನ್ನೂ ಇಟ್ಕೊಳ್ಳುತ್ತೆ. ಈ ಕೀ ಕಾರ್ಡ್ ಇಟ್ಕೋತೀರಾ ಅಂತ ಪತ್ರಿಕೆಯವ್ರು ಕೇಳಿದ್ದಕ್ಕೆ, ಇದರಲ್ಲಿ ಗೇಮೇ ಇಲ್ವಲ್ಲ, ಏನನ್ನ ಇಟ್ಕೊಳ್ಳೋದು ಅನ್ನೋ ಅರ್ಥದಲ್ಲಿ ಬೇಡ ಅಂದ್ರಂತೆ. ಲೈಬ್ರರಿಯವ್ರು ಬುದ್ಧಿವಂತರು ಸಾರ್, ಡಬ್ಬ ತೆಗೆದು ನೋಡ್ತಾರೆ.

ಈ ಕಲೆ ಇವತ್ತಿಂದು ಅಲ್ಲ. 2010ರ ಏಪ್ರಿಲ್ 1ಕ್ಕೆ ಸೋನಿಯವ್ರು ತಮ್ಮ ಪ್ಲೇಸ್ಟೇಷನ್ 3 ಕನ್ಸೋಲಿಗೆ ಒಂದು ಅಪ್‌ಡೇಟ್ ಬಿಟ್ರು, ಅದರಲ್ಲಿ ಏನೂ ಹೊಸದಾಗಿ ಬರ್ಲಿಲ್ಲ, ಇದ್ದದ್ದು ಹೋಯ್ತು. ಆ ಮಷೀನಲ್ಲಿ ಲಿನಕ್ಸ್ ಅನ್ನೋ ಆಪರೇಟಿಂಗ್ ಸಿಸ್ಟಂ ಹಾಕ್ಕೊಂಡು ಕಂಪ್ಯೂಟರ್ ತರ ಬಳಸ್ಬಹುದು ಅಂತ ಅವ್ರೇ ಹೇಳ್ಕೊಂಡು ಮಾರಿದ್ದ ಸೌಲಭ್ಯ ಅದು. ಅಪ್‌ಡೇಟ್ ಬೇಡ ಅಂದ್ರೆ ಆನ್‌ಲೈನ್ ಆಟ ಇಲ್ಲ, ಬೇಕು ಅಂದ್ರೆ ಲಿನಕ್ಸ್ ಇಲ್ಲ, ಆಯ್ಕೆ ನಿಮ್ದೇ ಅಂದ್ರು. ಕೋರ್ಟು ಕೇಸು ಎಲ್ಲ ಆಗಿ ಅಮೆರಿಕದಲ್ಲಿ ರಾಜಿ ಆಗೋ ಹೊತ್ತಿಗೆ ವರ್ಷಗಳೇ ಉರುಳಿ ಪ್ಲೇಸ್ಟೇಷನ್ 4 ಬಂದು ಹಳೇದಾಗ್ತಾ ಇತ್ತು.

ಆದ್ರೆ ನನ್ನ ಪ್ರಕಾರ ಈ ಕ್ಷೇತ್ರದ ಮೇರು ಕೃತಿ 2013ರ ಎಕ್ಸ್‌ಬಾಕ್ಸ್ ಒನ್. ಆಹಾ, ಆ ಜೂನ್ ತಿಂಗಳು! ಮೈಕ್ರೋಸಾಫ್ಟ್‌ನವ್ರು ರೂಲ್ಸ್ ಹಾಕಿದ್ರು: ಕನ್ಸೋಲು 24 ಗಂಟೆಗೆ ಒಂದ್ಸಲ ಇಂಟರ್ನೆಟ್ಟಲ್ಲಿ ಹಾಜರಿ ಹಾಕ್ಬೇಕು, ಇಲ್ದಿದ್ರೆ ಆಟ ಬಂದ್. ಬೇರೆಯವ್ರ ಮನೆ ಕನ್ಸೋಲಲ್ಲಿ ನಿಮ್ಮ ಅಕೌಂಟ್ ಹಾಕ್ಕೊಂಡು ಆಡ್ತಿದ್ರೆ ಗಂಟೆಗೊಂದ್ಸಲ ಹಾಜರಿ. ಜೈಲಿಂದ ಬೇಲ್ ಮೇಲೆ ಹೊರಗೆ ಬಂದವ್ರೂ ಸ್ಟೇಷನ್ನಿಗೆ ಇಷ್ಟು ಸಲ ಹೋಗಿ ಸಹಿ ಹಾಕಲ್ಲ. ಇನ್ನು ನಿಮ್ಮ ಡಿಸ್ಕನ್ನ ಫ್ರೆಂಡಿಗೆ ಕೊಡಬೇಕು ಅಂದ್ರೆ? ಕೊಡಬಹುದು, ಯಾರು ಬೇಡ ಅಂದ್ರು, ಆದ್ರೆ ಆ ಫ್ರೆಂಡು ನಿಮ್ಮ ಫ್ರೆಂಡ್ಸ್ ಲಿಸ್ಟಲ್ಲಿ ಕನಿಷ್ಠ 30 ದಿನದಿಂದ ಇರ್ಬೇಕು, ಮತ್ತೆ ಒಂದು ಗೇಮನ್ನ ಒಂದೇ ಸಲ ಕೊಡೋಕಾಗೋದು. ಸ್ನೇಹಕ್ಕೆ ಪ್ರೊಬೇಷನ್ ಪೀರಿಯಡ್ ಇಟ್ಟ ಮೊದಲ ಸಂಸ್ಥೆ ಇದೇ ಇರ್ಬೇಕು. ಎಂಥ ದೂರದೃಷ್ಟಿ ನೋಡಿ, ಹತ್ತು ದಿನದ ಪರಿಚಯಕ್ಕೆ ಡಿಸ್ಕ್ ಕೊಟ್ಟು ಮೋಸ ಹೋಗೋರು ಎಷ್ಟು ಜನ ಇಲ್ಲ.

ಇಂಟರ್ನೆಟ್ ಇಲ್ದೋರು ಏನ್ಮಾಡ್ಬೇಕು ಅಂತ ಕೇಳಿದ್ದಕ್ಕೆ ಆಗ ಎಕ್ಸ್‌ಬಾಕ್ಸ್ ಮುಖ್ಯಸ್ಥರಾಗಿದ್ದ ಡಾನ್ ಮ್ಯಾಟ್ರಿಕ್, ಅಂಥವ್ರಿಗೂ ನಮ್ಮ ಹತ್ರ ಒಂದು ಪ್ರಾಡಕ್ಟ್ ಇದೆ, ಅದರ ಹೆಸರು ಎಕ್ಸ್‌ಬಾಕ್ಸ್ 360 ಅಂದ್ರು. ಅಂದ್ರೆ ಹೊಸದು ಬೇಕಾ ಅಂತ ಕೇಳಿದವನಿಗೆ ಹಳೇದೇ ಇಟ್ಕೋ ಹೋಗು ಅಂದಂಗಾಯ್ತು. ಅದೇ ಮಾತಲ್ಲಿ ನ್ಯೂಕ್ಲಿಯರ್ ಸಬ್‌ಮರೀನಲ್ಲಿ ಇರೋರ ಪ್ರಸ್ತಾಪಾನೂ ಬಂತು, ಅವ್ರಿಗೆ ಇಂಟರ್ನೆಟ್ ಕಷ್ಟ ಇರಬಹುದು ಅಂತ ಕನಿಕರ ತೋರ್ಸಿದ್ರು. ಆ ಹಳೇ 360ರ ಆನ್‌ಲೈನ್ ಸ್ಟೋರನ್ನೂ 2024ರ ಜುಲೈನಲ್ಲಿ ಮುಚ್ಚಿದ್ರು, ಅದು ಬೇರೆ ಕಥೆ.

ಅದೇ 2013ರ ಜೂನಲ್ಲಿ ಸೋನಿಯವ್ರು ಸಮಯ ನೋಡಿ ಬ್ಯಾಟ್ ಬೀಸಿದ್ರು. ಪ್ಲೇಸ್ಟೇಷನ್ 4ರಲ್ಲಿ ಸೆಕೆಂಡ್ ಹ್ಯಾಂಡ್ ಡಿಸ್ಕೂ ನಡೆಯುತ್ತೆ, ಹಾಜರಿ ಬೇಡ ಅಂತ ವೇದಿಕೆ ಮೇಲೆ ಹೇಳಿದ್ದಕ್ಕೆ ಜನ ಎದ್ದು ಕುಣಿದ್ರು, ಸಿನಿಮಾದಲ್ಲಿ ಹೀರೋ ಎಂಟ್ರಿಗೆ ಬೀಳೋ ಶಿಳ್ಳೆ. ಗೇಮ್ ಹಂಚ್ಕೊಳ್ಳೋದು ಹೇಗೆ ಅಂತ ಅರ್ಧ ನಿಮಿಷಾನೂ ಇಲ್ಲದ ಒಂದು ವಿಡಿಯೋ ಬಿಟ್ರು, ಅದರಲ್ಲಿ ಒಬ್ರು ಇನ್ನೊಬ್ರ ಕೈಗೆ ಡಬ್ಬ ಕೊಡ್ತಾರೆ, ಇಸ್ಕೊಂಡವ್ರು ಥ್ಯಾಂಕ್ಸ್ ಅಂತಾರೆ, ಮುಗೀತು. ಯೋಚನೆ ಮಾಡಿ, ಮಾಮೂಲಾಗಿ ಒಂದು ಡಬ್ಬ ಕೈಯಿಂದ ಕೈಗೆ ಕೊಟ್ಟಿದ್ದಕ್ಕೆ ಇಡೀ ಜಗತ್ತು ಚಪ್ಪಾಳೆ ಹೊಡೀತು. ಮೈಕ್ರೋಸಾಫ್ಟ್‌ನವ್ರು ಜೂನ್ 19ಕ್ಕೆ ರೂಲ್ಸ್ ಎಲ್ಲ ವಾಪಸ್ ತಗೊಂಡ್ರು, ಮ್ಯಾಟ್ರಿಕ್ ಜುಲೈನಲ್ಲಿ ಬೇರೆ ಕಂಪನಿ ಸೇರಿದ್ರು.

ಆವತ್ತು ಶಿಳ್ಳೆ ಹೊಡೆದೋರು ಈಗ ಕೂತ್ಕೊಂಡು ಕೇಳಿ. ಅದೇ ಸೋನಿ 2023ರ ಕೊನೇಲಿ ಬಿಟ್ಟ ಸಣ್ಣ ಪ್ಲೇಸ್ಟೇಷನ್ 5ಕ್ಕೆ ಡಿಸ್ಕ್ ಡ್ರೈವನ್ನ ಬೇರೆ ಭಾಗ ಮಾಡ್ತು, ಅದನ್ನ ಕನ್ಸೋಲಿಗೆ ಜೋಡಿಸಿದ ಮೇಲೆ ಮೊದಲ ಸಲ ಇಂಟರ್ನೆಟ್ಟಲ್ಲಿ ರಿಜಿಸ್ಟರ್ ಮಾಡಿಸ್ಬೇಕು, ಇಲ್ಲಾಂದ್ರೆ ಅದು ಡ್ರೈವ್ ಅಂತಾನೇ ಒಪ್ಕೊಳಲ್ಲ. 2024ರ ನವೆಂಬರಲ್ಲಿ ಪ್ಲೇಸ್ಟೇಷನ್ 5 ಪ್ರೋ ಬಂತು, ಆಗಿನ ಬೆಲೆ 700 ಡಾಲರಿಗೆ ಒಂದೇ ಸೆಂಟ್ ಕಮ್ಮಿ, ಡಬ್ಬದೊಳಗೆ ಡಿಸ್ಕ್ ಡ್ರೈವೇ ಇಲ್ಲ. ಬೇಕಾ, ಬೇರೆ ಕೊಂಡ್ಕೊಳಿ. ಇನ್ನು 2023ರ ಡಿಸೆಂಬರಲ್ಲಿ, ನೀವು ದುಡ್ಡು ಕೊಟ್ಟು ತಗೊಂಡಿದ್ದ ಡಿಸ್ಕವರಿ ಚಾನೆಲ್ ಕಾರ್ಯಕ್ರಮಗಳನ್ನ ವರ್ಷದ ಕೊನೇ ದಿನ ನಿಮ್ಮ ಲೈಬ್ರರಿಯಿಂದ ತೆಗೀತೀವಿ, ಸಹಕಾರಕ್ಕೆ ಧನ್ಯವಾದ ಅನ್ನೋ ಧಾಟೀಲಿ ನೋಟಿಸ್ ಹಾಕಿದ್ರು. ದೊಡ್ಡ ಗಲಾಟೆ ಆದ್ಮೇಲೆ ಸದ್ಯಕ್ಕೆ ಬಿಟ್ಟಿದೀವಿ ಅಂದ್ರು. ಯಾರೋ ಬಂದು ನಿಮ್ಮ ಸಾಮಾನು ಹೊತ್ಕೊಂಡು ಹೋಗ್ತೀನಿ ಅಂದು, ಆಮೇಲೆ ಹೋಗ್ಲಿ ಬಿಡು ಅಂದ್ರೆ ನಾವು ಅವ್ರಿಗೇ ಥ್ಯಾಂಕ್ಸ್ ಹೇಳ್ಬೇಕಾದ ಕಾಲ.

ಸರಿ, ಈಗ ಯೂಬಿಸಾಫ್ಟ್ ಅನ್ನೋ ಗೇಮ್ ಕಂಪನಿ. ಇವ್ರನ್ನ ಬಿಟ್ರೆ ಪಾಪ ಬರುತ್ತೆ. ದಿ ಕ್ರೂ ಅನ್ನೋ ಕಾರ್ ರೇಸಿನ ಗೇಮು, 2014ರದ್ದು. ಒಬ್ರೇ ಕೂತು ಕಥೆ ಆಡಿದ್ರೂ ಇಂಟರ್ನೆಟ್ಟಲ್ಲಿ ಕಂಪನಿಯ ಸರ್ವರ್, ಅಂದ್ರೆ ಅವ್ರ ಕಂಪ್ಯೂಟರ್, ಜೊತೆ ಕನೆಕ್ಟ್ ಆಗಿರ್ಬೇಕಿತ್ತು. 2024ರ ಮಾರ್ಚ್ 31ಕ್ಕೆ ಸರ್ವರ್ ಆಫ್ ಮಾಡಿದ್ರು, ಡಿಸ್ಕ್ ಇಟ್ಕೊಂಡಿದ್ದೋರ ಡಿಸ್ಕು ಫಳಫಳ ಹೊಳೆಯೋ ತಟ್ಟೆ ಆಯ್ತು. ಅಷ್ಟಕ್ಕೇ ಬಿಡ್ಲಿಲ್ಲ, ಸ್ವಲ್ಪ ದಿನಕ್ಕೆ ಜನರ ಅಕೌಂಟಲ್ಲಿದ್ದ ಲೈಸೆನ್ಸನ್ನೂ ಕಿತ್ಕೊಂಡ್ರು. ಸತ್ತ ಗೇಮಿನ ಲೈಸೆನ್ಸ್ ಇಟ್ಕೊಂಡು ಯಾರು ಏನು ಮಾಡ್ತಾರೋ, ಎಲ್ಲಿ ಅಪ್ಪಿತಪ್ಪಿ ಆಡಿಬಿಡ್ತಾರೋ ಅಂತ ಭಯ ಇರ್ಬೇಕು. ಕ್ಯಾಲಿಫೋರ್ನಿಯಾದಲ್ಲಿ ಇಬ್ರು ಕೇಸ್ ಹಾಕಿದ್ರು. ಕಂಪನಿ ವಾದ ಏನು ಗೊತ್ತಾ, ನೀವು ಕೊಂಡಿದ್ದು ಗೇಮಲ್ಲ, ಗೇಮ್ ಬಳಸೋಕೆ ಒಂದು ಸೀಮಿತ ಅನುಮತಿ, ಅದು ಡಬ್ಬದ ಮೇಲೇ ಇತ್ತಲ್ಲ. ಕೇಸ್ ಹಾಕಿದೋರು, ಅದೇ ಡಬ್ಬದೊಳಗಿನ ಆಕ್ಟಿವೇಷನ್ ಕೋಡಿಗೆ 2099ರ ತನಕ ವ್ಯಾಲಿಡಿಟಿ ಅಂತ ಬರ್ದಿದೀರಲ್ಲ ಸ್ವಾಮಿ ಅಂತ ತೋರ್ಸಿದ್ರು. ಕೋಡ್ ಅಷ್ಟು ದಿನ ಬದುಕಿರುತ್ತೆ ಅಂದ್ರು, ಗೇಮ್ ಬದುಕಿರುತ್ತೆ ಅಂದಿದ್ರಾ?

ಅದೇ ಕಂಪನಿಯ ಲೈಸೆನ್ಸ್ ಒಪ್ಪಂದದಲ್ಲಿ, ಒಪ್ಪಂದ ಮುಗಿದ್ರೆ ಗ್ರಾಹಕರು ಗೇಮನ್ನ ಅನ್‌ಇನ್‌ಸ್ಟಾಲ್ ಮಾಡಿ ಹತ್ರ ಇರೋ ಪ್ರತಿಗಳನ್ನೆಲ್ಲ ನಾಶ ಮಾಡ್ಬೇಕು ಅನ್ನೋ ಸಾಲಿದೆ, 2025ರಲ್ಲಿ ಯಾರೋ ಅದನ್ನ ಕೂತು ಓದಿ ಎಲ್ರಿಗೂ ತೋರ್ಸಿದ್ರು. ಇದನ್ನ ಪಾಲಿಸೋದು ಹೇಗೆ ಅಂತ ನಾನು ಸೀರಿಯಸ್ಸಾಗಿ ಯೋಚ್ನೆ ಮಾಡಿದೀನಿ. ಡಿಸ್ಕನ್ನ ಸುತ್ತಿಗೆ ತಗೊಂಡು ಒಡೆಯೋದಾ, ಸುಡೋದಾ, ಸಾಕ್ಷಿಗೆ ಫೋಟೋ ಕಳಿಸ್ಬೇಕಾ, ನಾಶ ಆಯ್ತು ಅಂತ ಗೆಜೆಟೆಡ್ ಆಫೀಸರ್ ಹತ್ರ ಸಹಿ ಹಾಕಿಸ್ಬೇಕಾ, ಏನೂ ಬರ್ದಿಲ್ಲ. ಯೂಬಿಸಾಫ್ಟಿನ ಯಜಮಾನರಾದ ಈವ್ ಗಿಯಮೋ ಅವ್ರು ಷೇರುದಾರರ ಸಭೇಲಿ ಈ ಬಗ್ಗೆ ಪ್ರಶ್ನೆ ಬಂದಾಗ ಯಾವ್ದೂ ಶಾಶ್ವತ ಅಲ್ಲ ಅನ್ನೋ ಮಾತು ಹೇಳಿದ್ರು. ನಮಸ್ಕಾರ ಗುರುಗಳೇ. ಕೊಟ್ಟ ದುಡ್ಡು ಮಾತ್ರ ಶಾಶ್ವತವಾಗಿ ನಿಮ್ಮ ಹತ್ರಾನೇ ಇದೆ, ಅದೊಂದನ್ನ ಪ್ರವಚನದಲ್ಲಿ ಸೇರಿಸೋಕೆ ಮರ್ತಿದೀರಿ.

ಕಾನೂನು ಮಾಡೋರು ಸುಮ್ನೆ ಕೂತಿಲ್ಲ. ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿ 1ರಿಂದ ಒಂದು ಕಾಯ್ದೆ ಜಾರಿಗೆ ಬಂತು, ಡಿಜಿಟಲ್ ಸಾಮಾನು ಮಾರುವಾಗ ಇದು ಬರೀ ಲೈಸೆನ್ಸು ಅಂತ ಸ್ಪಷ್ಟವಾಗಿ ಹೇಳ್ಬೇಕು, ಇಲ್ಲಾಂದ್ರೆ ಖರೀದಿ ಅಂತ ಬಟನ್ ಹಾಕೋ ಹಾಗಿಲ್ಲ. ಕಂಪನಿಗಳು ಏನು ಮಾಡ್ತಾವೆ, ಬಟನ್ ಹತ್ರ ಒಂದು ಸಣ್ಣ ಸಾಲು ಸೇರಿಸ್ತಾವೆ, ಅಷ್ಟೇ. ಮೊದಲು ಹೇಳದೇ ಕಿತ್ಕೋತಿದ್ರು, ಈಗ ಹೇಳಿ ಕಿತ್ಕೋಬಹುದು.

ಇನ್ನು ಕನ್ಸೋಲಾದ್ರೂ ನಿಮ್ದು ಅಂದ್ಕೊಂಡಿದೀರಾ? 2025ರ ಮೇನಲ್ಲಿ ನಿಂಟೆಂಡೋ ತನ್ನ ಒಪ್ಪಂದ ತಿದ್ದಿ, ಗ್ರಾಹಕ ಮಾಡಬಾರದ್ದು ಮಾಡಿದ್ರೆ ಮಷೀನನ್ನೇ ಪರ್ಮನೆಂಟಾಗಿ ಬಳಕೆಗೆ ಬಾರದ ಹಾಗೆ ಮಾಡಬಹುದು ಅಂತ ಅಮೆರಿಕದವ್ರಿಗೆ ಬರ್ಕೊಡ್ತು. ಸ್ವಿಚ್ 2 ಬಂದ ತಿಂಗಳಲ್ಲೇ, ಸೆಕೆಂಡ್ ಹ್ಯಾಂಡಲ್ಲಿ ಕನ್ಸೋಲ್ ತಗೊಂಡು ಮನೇಲಿ ಆನ್ ಮಾಡಿದ್ರೆ ಆನ್‌ಲೈನಿಂದ ಬ್ಯಾನ್ ಆಗಿರೋ ಮಷೀನ್ ಅನ್ನೋ ಸುದ್ದಿಗಳು ಬಂದ್ವು. ತಪ್ಪು ಮಾಡಿದವನು ಮಾರ್ಕೊಂಡು ಹೋದ, ಶಿಕ್ಷೆ ಕನ್ಸೋಲಿಗೆ, ಅನುಭವಿಸೋದು ಮೂರನೇಯವನು. ಕಳ್ಳ ಗೇಮ್ ಆಡೋರನ್ನ ಹಿಡೀಬೇಡಿ ಅಂತ ಯಾರೂ ಹೇಳ್ತಿಲ್ಲ, ಹಿಡೀರಿ. ನಾನು ಪೂರ್ತಿ ಬೆಲೆ ಕೊಟ್ಟ ಡಬ್ಬದ ಜುಟ್ಟು ನಿಮ್ಮ ಕೈಲಿ ಯಾಕೆ ಅನ್ನೋದಷ್ಟೇ ಪ್ರಶ್ನೆ.

ಹಾಗಂತ ಜನ ಬರೀ ಬೈಕೊಂಡು ಕೂತಿಲ್ಲ. ದಿ ಕ್ರೂ ಮುಚ್ಚಿದ ಮೇಲೆ ರಾಸ್ ಸ್ಕಾಟ್ ಅನ್ನೋ ಯೂಟ್ಯೂಬರ್ ಸ್ಟಾಪ್ ಕಿಲ್ಲಿಂಗ್ ಗೇಮ್ಸ್ ಅಂತ ಶುರು ಮಾಡಿದ್ರು, ಯುರೋಪಿಯನ್ ಒಕ್ಕೂಟಕ್ಕೆ ಕಳ್ಸೋ ಅರ್ಜಿಗೆ 10 ಲಕ್ಷ ಸಹಿ ಬೇಕಿತ್ತು, 2025ರ ಜುಲೈ ಕೊನೆಗೆ 14 ಲಕ್ಷ ದಾಟ್ತು. ಬೇಡಿಕೆ ಏನು ದೊಡ್ಡದಲ್ಲ, ಸರ್ವರನ್ನ ಎಂದೆಂದಿಗೂ ನಡೆಸಿ ಅಂತ ಅಲ್ಲ, ಮುಚ್ಚೋವಾಗ ಗೇಮನ್ನ ಆಡೋ ಸ್ಥಿತೀಲಿ ಬಿಟ್ಟು ಹೋಗಿ ಅಂತ. ಅಯ್ಯೋ ಅದು ತುಂಬಾ ದುಬಾರಿ, ಭಾರೀ ಕಷ್ಟ ಅಂತ ಉದ್ಯಮದವ್ರ ಸಂಘ ಅಲವತ್ತುಕೊಳ್ತು. ಅದೇ 2025ರಲ್ಲಿ ಯೂಬಿಸಾಫ್ಟ್ ದಿ ಕ್ರೂ 2ಕ್ಕೆ ಆಫ್‌ಲೈನ್ ಆಡೋ ವ್ಯವಸ್ಥೆ ಕೊಡ್ತು. ಜನ ಬಾಗ್ಲು ತಟ್ಟಿದ್ರೆ ಎಂಜಿನಿಯರಿಂಗ್ ಎಷ್ಟು ಬೇಗ ಮುಂದುವರಿಯುತ್ತೆ ನೋಡಿ.

ಆದ್ರೆ ಕಂಪನಿಯವ್ರಿಗೆ ನಮ್ಮ ನಾಡಿ ಗೊತ್ತು. 2025ರ ಏಪ್ರಿಲಲ್ಲಿ ನಿಂಟೆಂಡೋ ಸ್ವಿಚ್ 2 ತೋರಿಸೋಕೆ ಲೈವ್ ಬಂದಾಗ ಚಾಟ್ ತುಂಬ ಬೆಲೆ ಇಳ್ಸಿ ಬೆಲೆ ಇಳ್ಸಿ ಅಂತ ಒಂದೇ ಕೂಗು, ಗೇಮ್ ಯಾವ್ದು ತೋರಿಸ್ತಿದಾರೆ ಅಂತಾನೂ ಯಾರೂ ಮಾತಾಡ್ತಿರ್ಲಿಲ್ಲ, ಕೀ ಕಾರ್ಡಿಗೆ ಬಿದ್ದ ಬೈಗುಳ ಬೇರೆ ಲೆಕ್ಕ. ಬೆಲೆ ಇಳೀಲಿಲ್ಲ. ಜೂನ್ 5ಕ್ಕೆ ಮಾರಾಟ ಶುರು ಆಯ್ತು, ಮೊದಲ ನಾಲ್ಕೇ ದಿನದಲ್ಲಿ 35 ಲಕ್ಷಕ್ಕಿಂತ ಜಾಸ್ತಿ ಮಷೀನ್ ಖಾಲಿ, ಅವ್ರ ಚರಿತ್ರೇಲೇ ಇಷ್ಟು ಬೇಗ ಯಾವ ಕನ್ಸೋಲೂ ಹೋಗಿರ್ಲಿಲ್ಲ. ಚಾಟಲ್ಲಿ ಕೂಗಿದೋರ ಪಟ್ಟಿ ಒಂದು ಕಡೆ, ಕ್ಯೂ ನಿಂತೋರ ಪಟ್ಟಿ ಒಂದು ಕಡೆ ಇಟ್ಟು ಯಾರಾದ್ರೂ ತಾಳೆ ನೋಡಿದ್ರೆ ನಮ್ಮಲ್ಲಿ ಎಷ್ಟೋ ಜನರ ಸಂಸಾರ ಬೀದಿಗೆ ಬರತ್ತೆ, ಆ ಕೆಲ್ಸ ಯಾರೂ ಮಾಡ್ಬೇಡಿ ಪ್ಲೀಸ್.